ಫೆಲ್ಥಮ್‌ನ ಲೂಯಿಸರ ದಿಬ್ಬಣದ ಕಾರು

ಶನಿವಾರ, ಬೆಳಕು ಹರಿಯುವ ಹೊತ್ತು. ಲಂಡನ್ನಿನ ಅಂಚಿನ ಫೆಲ್ಥಮ್‌ನ ಸಾಲುಮನೆಗಳ ಹಿಂದಿನ ಓಣಿಯಲ್ಲಿ ಒಂದೇ ಒಂದು ಗ್ಯಾರೇಜಿನ ಬಾಗಿಲು ತೆರೆದಿದೆ. ಒಳಗೆ ಲೂಯಿಸ್ ಮಥಾಯಸ್ ತಮ್ಮ ಕಾರಿನ ಮುಂದೆ ಮಂಡಿಯೂರಿದ್ದಾರೆ. ದೂರದಿಂದ ನೋಡಿದವರಿಗೆ ಪ್ರಾರ್ಥನೆ ಮಾಡುತ್ತಿರುವಂತೆ ಕಾಣಬಹುದು. ಹತ್ತಿರ ಹೋದರೆ ಗೊತ್ತಾಗುತ್ತದೆ, ಕಾರಿನ ಮೂತಿಯ ಮೇಲಿರುವ ಅಂಗೈಯಗಲದ ಬೂದುಬಣ್ಣದ ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಾರೆ. ತಲೆಯ ಮೇಲೆ ಬೆಳಗಿನ ವಿಮಾನಗಳು ಗುಡುಗುತ್ತ ಇಳಿಯುತ್ತಿವೆ. ಆ ಸದ್ದು ಅವರ ಕಿವಿಗೆ ಬೀಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

‘ಗಟ್ಟಿ ಆಗಿದೆ. ಆದರೆ ಚಂದ ಆಗ್ಲಿಲ್ಲ’ ಎನ್ನುತ್ತಾ ಏಳುತ್ತಾರೆ. ಏಳುವಾಗ ಮಂಡಿ ಕಟಕ್ಕೆನ್ನುತ್ತದೆ. ಅದಕ್ಕೂ ಸ್ವಲ್ಪ ಗ್ರೀಸ್ ಹಾಕಬೇಕು ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುತ್ತಾರೆ. ಮುಖದಲ್ಲಿ ಮಾತ್ರ ನಗುವಿಲ್ಲ.

ನಗು ಬರುವುದಾದರೂ ಹೇಗೆ? ಇವತ್ತು ಪಕ್ಕದ ಹೌನ್ಸ್ಲೋದ ಅಪೂರ್ವಾಳ ಮದುವೆ. ಈ ಹುಡುಗಿ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಯಾರದೋ ಮದುವೆಗೆ ಹೋದಾಗ, ಮದುಮಗಳು ಈ ಕಾರಿನಿಂದ ಇಳಿಯುವುದನ್ನು ಕಂಡಿದ್ದಳು. ಊಟ ಬಿಟ್ಟು ಲೂಯಿಸರ ಕೋಟು ಜಗ್ಗಿ, ನನ್ನ ಮದುವೆಗೂ ಬರ್ತೀರಾ ಅಂಕಲ್ ಎಂದು ಕೇಳಿದ್ದಳು. ಅವರು ಆಗಲಿ ಎಂದಿದ್ದರು. ಮಕ್ಕಳಿಗೆ ಹೇಳಿದ ಇಂಥ ಮಾತನ್ನು ದೊಡ್ಡವರು ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಾರೆ. ಅಪೂರ್ವಾ ಮರೆಯಲಿಲ್ಲ, ನಿಶ್ಚಿತಾರ್ಥವಾದ ದಿನವೇ ಲೂಯಿಸರಿಗೆ ಫೋನ್ ಮಾಡಿ ತಾರೀಖು ಹೇಳಿದಳು. ಈಗ ನೋಡಿದರೆ ಕಾರಿನ ಮೂಗೇ ಒಡೆದಿದೆ. ಒಡೆದವರು ಬೇರೆ ಯಾರೋ ಆಗಿದ್ದರೆ ಬೈದು ಹಗುರಾಗಬಹುದಿತ್ತು. ಒಡೆದದ್ದು ಮದುಮಗಳ ಅಪ್ಪ.

ಕಾರಿನ ವಿಷಯ ಮೊದಲು ಹೇಳಬೇಕು. ಉದ್ದ ಮೂತಿ, ತಗ್ಗು ಬಾಗಿಲು, ಇಬ್ಬರಿಗಷ್ಟೇ ಜಾಗ, ಮೇಲೆ ಮಡಚುವ ಬಟ್ಟೆಯ ಮಾಡು. ಕೆನೆಯ ಬಣ್ಣ, ತಂತಿ ಕಡ್ಡಿಗಳ ಚಕ್ರ. ನೋಡಿದವರು ಐವತ್ತರ ದಶಕದ ಇಂಗ್ಲಿಷ್ ರೋಡ್‌ಸ್ಟರ್ ಎಂದೇ ಪ್ರಮಾಣ ಮಾಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇದು ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಕಿಟ್ ಕಾರು. ಹಳೆಯ ಕಾರಿನ ಪಡಿಯಚ್ಚು. ಎಂಜಿನ್ ಮತ್ತೊಂದು ಗಾಡಿಯದ್ದು, ಮೈಯೆಲ್ಲ ಫೈಬರ್ ಗ್ಲಾಸ್.

‘ನಾನು ಎಲ್ಲರಿಗೂ ಹೇಳ್ತೇನೆ, ಇದು ನಕಲು ಅಂತ. ಕೇಳಿದವ್ರು ನಗಾಡ್ತಾರೆ. ಇವ್ರಿಗೆ ಒಂಚೂರು ಜಂಬ ಇಲ್ಲ ಅಂತ ಮತ್ತೆ ನನ್ನನ್ನೇ ಹೊಗಳ್ತಾರೆ. ನಾನು ಎಂತ ಮಾಡುದು ಮಾರಾಯ್ರೆ?’ ಎಂದು ಲೂಯಿಸ್ ಕೇಳುತ್ತಾರೆ.

ಉಡುಪಿ ಕಡೆಯ ಶಿರ್ವದ ಹತ್ತಿರ ಹುಟ್ಟಿದ ಲೂಯಿಸ್ ಸ್ಪ್ಯಾನರ್ ಹಿಡಿದದ್ದು ಮಂಗಳೂರಿನ ಬಸ್ಸಿನ ಗ್ಯಾರೇಜಿನಲ್ಲಿ. ಅಲ್ಲಿಂದ ಬಹ್ರೇನ್, ಬಹ್ರೇನ್‌ನಿಂದ ಲಂಡನ್. ಈಗ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಲಗೇಜು ಎಳೆಯುವ ಪುಟ್ಟ ಟ್ರ್ಯಾಕ್ಟರುಗಳ ರಿಪೇರಿ ಅವರ ಕೆಲಸ. ನಮ್ಮ ಸೂಟ್‌ಕೇಸು ಸರಿಯಾದ ವಿಮಾನ ಹತ್ತಿದರೆ ಅದರಲ್ಲಿ ಇವರದೂ ಒಂದು ಪಾಲಿದೆ. ಆದರೆ ಸೂಟ್‌ಕೇಸು ಬಂತೆಂದು ಮೆಕ್ಯಾನಿಕ್ಕನ್ನು ನೆನೆದವರು ಯಾರು? ಬೆಳಗಿನ ಪಾಳಿ ಇದ್ದ ದಿನ ಊರಿಗೆ ಊರೇ ಮಲಗಿರುವಾಗ ಇವರು ಬಸ್ಸಿನಲ್ಲಿರುತ್ತಾರೆ.

ಈ ಕಾರು ಅವರ ಕೈಗೆ ಬಂದದ್ದು ಪೆಟ್ಟಿಗೆಗಳಲ್ಲಿ. ನಿವೃತ್ತನಾಗುತ್ತಿದ್ದ ಇಂಗ್ಲಿಷ್ ಸಹೋದ್ಯೋಗಿಯೊಬ್ಬ ಅರ್ಧಕ್ಕೆ ಕೈಬಿಟ್ಟಿದ್ದ ಕಿಟ್ಟನ್ನು, ನಿನ್ನಿಂದಾದರೆ ಮುಗಿಸು ಎಂದು ಸಾಗಹಾಕಿದ್ದ. ಅದರ ಮೈಕಟ್ಟು ಹಿತ್ತಲಲ್ಲಿ ಬೋರಲಾಗಿ ಬಿದ್ದಿದ್ದ ಕಾಲದಲ್ಲಿ ಹೆಂಡತಿ ಕ್ರಿಸ್ಟೀನ್, ಅಪರೂಪಕ್ಕೆ ಬಿಸಿಲು ಬಂದ ದಿನ ಅದರ ಮೇಲೆ ಹಪ್ಪಳ ಒಣಗಿಸಿದ್ದರು. ಗಂಡ ಬೇಸರಿಸಿಕೊಳ್ಳಲಿಲ್ಲ. ಹಪ್ಪಳ ತೆಗೆದ ಮೇಲೆ ಎಣ್ಣೆಯ ಕಲೆ ಒರೆಸಿ ಮತ್ತೆ ಕೆಲಸಕ್ಕೆ ಕೂತರು.

‘ನನ್ನ ಹುಟ್ಟಿದಹಬ್ಬ ಇವ್ರಿಗೆ ನೆನಪಿರುದಿಲ್ಲ. ಕಾರಿನ ಆಯಿಲ್ ಯಾವಾಗ ಬದಲಿಸಿದ್ದು ಕೇಳಿ, ಬಾಯಿಪಾಠ’ ಎಂಬುದು ಕ್ರಿಸ್ಟೀನ್ ಅವರ ದೂರು. ಆ ದೂರಿನಲ್ಲಿ ಪ್ರೀತಿ ತುಳುಕುತ್ತದೆ.

ಕಾರು ಕಟ್ಟುವುದು ಒಂದು ತೂಕವಾದರೆ ಸಾಕುವುದು ಇನ್ನೊಂದು ತೂಕ. ಕಂಪನಿಯ ಕಾರಾದರೆ ಯಾವ ತಿರುಪು ಎಲ್ಲಿದೆ ಎಂದು ಪುಸ್ತಕ ಹೇಳುತ್ತದೆ. ಇದಕ್ಕೆ ಪುಸ್ತಕ ಲೂಯಿಸರೇ. ಮಳೆ ಬಂದರೆ ಬಾಗಿಲ ಸಂದಿನಲ್ಲಿ ನೀರು, ಚಳಿಯಾದರೆ ಕಾರ್ಬ್ಯುರೇಟರಿನ ಮುನಿಸು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸಡಿಲವಾದದ್ದನ್ನು ಅದರ ಸದ್ದಿನಲ್ಲೇ ಹಿಡಿಯುತ್ತಾರೆ. ಇಂಥ ಕಾರು ಇರುವವರು ಬಹಳ ಮಂದಿ ಅದಕ್ಕೆ ಹೊದಿಕೆ ಹೊದಿಸಿ ಗ್ಯಾರೇಜಿನಲ್ಲೇ ಇಟ್ಟುಬಿಡುತ್ತಾರೆ. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು ಎಂಬಂತೆ ಆಗಬಾರದು ಎಂದು ಲೂಯಿಸರಿಗೆ ಹಟ. ಹಾಗಾಗಿ ಇಲ್ಲಿನ ಕನ್ನಡ, ಕೊಂಕಣಿ ಮನೆಗಳ ಮದುವೆಗಳಿಗೆ ಇದು ದಿಬ್ಬಣದ ಗಾಡಿಯಾಗಿದೆ. ಬಾಡಿಗೆ ಎಂಬ ಮಾತೇ ಇಲ್ಲ. ಮದುವೆಯ ಊಟ ಮಾಡಿ ಕೈ ತೊಳೆದರೆ ಲೆಕ್ಕ ಚುಕ್ತಾ.

ರೇಷ್ಮೆ ಸೀರೆ ಉಟ್ಟವರನ್ನು ಇಷ್ಟು ತಗ್ಗಿನ ಕಾರಿಗೆ ಹತ್ತಿಸುವುದೂ ಒಂದು ವಿದ್ಯೆ. ಹಿಂದು ಮುಂದಾಗಿ ನಿಂತು ಮೊದಲು ಸೀಟಿನ ಮೇಲೆ ಕೂರಬೇಕು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಬೇಕು. ಸೆರಗು ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕದಂತೆ ಕ್ರಿಸ್ಟೀನ್ ಪಿನ್ನು ಹಾಕುತ್ತಾರೆ. ಮಲ್ಲಿಗೆ ಉದುರದಷ್ಟು ವೇಗದಲ್ಲಿ ಲೂಯಿಸ್ ಓಡಿಸುತ್ತಾರೆ. ಲಂಡನ್ನಿನ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜೋರಾಗಿ ಹೋಗಲು ಯಾರಿಂದಲೂ ಆಗುವುದಿಲ್ಲ, ಅದು ಬೇರೆ ಮಾತು.

ಇನ್ನು ಗುರುವಾರದ ಕಥೆ. ಅಪೂರ್ವಾಳ ತಂದೆ ಸಂಗಮೇಶ ಹುಬ್ಬಳ್ಳಿಯವರು. ಬೆಂಗಳೂರಿನ ಐಟಿ ಕಂಪನಿಯ ವೀಸಾದ ಮೇಲೆ ಬಂದು ಇಲ್ಲೇ ನೆಲೆ ನಿಂತವರು. ಅವರ ತಂದೆಗೆ ಲಾರಿ ಇತ್ತು. ದೂರದ ಲೋಡಿಗೆ ಹೊರಡುವ ಮುನ್ನ ಲಾರಿಯ ಮುಂಭಾಗಕ್ಕೆ ಕುಂಕುಮ ಹಚ್ಚಿ, ಬಂಪರಿನ ಕಬ್ಬಿಣಕ್ಕೇ ತೆಂಗಿನಕಾಯಿ ಕುಕ್ಕಿ ಒಡೆಯುವುದು ಆ ಮನೆಯ ಪದ್ಧತಿ. ಮಗಳು ಹತ್ತುವ ಗಾಡಿಗೆ ಪೂಜೆಯಾಗದಿದ್ದರೆ ಹೇಗೆ? ಗುರುವಾರ ಸಂಜೆ ಆಫೀಸಿನಿಂದ ನೇರವಾಗಿ ಫೆಲ್ಥಮ್‌ಗೆ ಬಂದರು. ಲೂಯಿಸ್ ಒಳಗೆ ಚಹಾ ತರಲು ಹೋದರು. ಅಷ್ಟರಲ್ಲಿ ಸಂಗಮೇಶ ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಕಾಯಿಯನ್ನು ಎತ್ತಿ ಕಾರಿನ ಮೂತಿಗೇ ಕುಕ್ಕಿದರು. ಅವಸರವೇ ಅಪಘಾತಕ್ಕೆ ಕಾರಣ ಎಂದು ಅವರಪ್ಪನ ಲಾರಿಯ ಹಿಂದೆಯೇ ಬರೆದಿದ್ದಿರಬೇಕು.

ಕಾಯಿಯೂ ಒಡೆಯಿತು, ಕಾರೂ ಒಡೆಯಿತು. ಲೂಯಿಸ್ ಚಹಾದ ಲೋಟ ಹಿಡಿದು ಬಂದಾಗ ಮೂತಿಯಲ್ಲಿ ಮುಷ್ಟಿಯಷ್ಟು ತೂತು, ಸುತ್ತ ಜೇಡರ ಬಲೆಯಂಥ ಬಿರುಕು, ಹೆಡ್‌ಲೈಟಿನಿಂದ ಕಾಯಿಯ ನೀರು ತೊಟ್ಟಿಕ್ಕುತ್ತಿದೆ. ಎರಡು ಹೋಳು ಹಿಡಿದು ನಿಂತ ಸಂಗಮೇಶರ ಮುಖದಲ್ಲಿ ರಕ್ತವೇ ಇರಲಿಲ್ಲ.

‘ಲೂಯಿಸಣ್ಣಾರ, ಇದು ಕಬ್ಬಿಣ ಅಲ್ಲೇನ್ರಿ?’ ಎಂದಷ್ಟೇ ಕೇಳಿದರಂತೆ.

ಲೂಯಿಸರಿಗೆ ಸಿಟ್ಟು ಬಂತು. ಬಂದದ್ದನ್ನು ಅವರು ಮುಚ್ಚಿಡುವುದಿಲ್ಲ. ಬೈಯಬೇಕೆಂದು ಬಾಯಿ ತೆರೆದಾಗ ಎದುರಿಗಿದ್ದವರು ಆ ಎರಡು ಹೋಳುಗಳನ್ನು ಮತ್ತೆ ಜೋಡಿಸಿ ನೋಡುತ್ತಿರುವುದು ಕಂಡಿತು. ತಾನೇ ಮಗಳ ಆಸೆಗೆ ಕಲ್ಲು ಹಾಕಿದೆ ಎಂದು ಆ ಅಪ್ಪ ಅಳುವುದೊಂದು ಬಾಕಿ. ಲೂಯಿಸ್ ಚಹಾ ಕೊಟ್ಟು ಕೂರಿಸಿದರು. ಕ್ರಿಸ್ಟೀನ್ ಬಂದು ಕಾಯಿಯ ಹೋಳುಗಳನ್ನು ಇಸಿದುಕೊಂಡರು. ಕಾರು ಹೇಗೂ ಹೋಯಿತು, ಕಾಯಿಯಾದರೂ ನಾಳೆಯ ಮೀನು ಸಾರಿಗಾಗಲಿ ಎಂಬುದು ಅವರ ಲೆಕ್ಕ.

ಶುಕ್ರವಾರ ಲೂಯಿಸ್ ರಜೆ ಹಾಕಿದರು. ಬಾನೆಟ್ಟಿನ ಒಳಗಿನಿಂದ ಫೈಬರ್ ಚಾಪೆಯ ತುಂಡುಗಳನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದರು. ಬೇಸಿಗೆಯಲ್ಲಾದರೆ ರಾಳ ತಾನಾಗಿ ಗಟ್ಟಿಯಾಗುತ್ತದೆ. ಅಕ್ಟೋಬರಿನ ಈ ಥಂಡಿಯಲ್ಲಿ ಅದು ಅಂಟಂಟಾಗಿ ಕೂತುಬಿಟ್ಟಿತು. ಕ್ರಿಸ್ಟೀನ್ ತಮ್ಮ ಹೇರ್ ಡ್ರೈಯರ್ ತಂದು ಗಂಡನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. ಕೈ ಸೋತಾಗ ಒಬ್ಬರಿಂದ ಒಬ್ಬರು ಬದಲಾಯಿಸಿಕೊಂಡರು. ತಮ್ಮ ಮದುವೆಯ ದಿನ ಸಹ ಇಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ ಎಂದು ಕ್ರಿಸ್ಟೀನ್ ನಗುತ್ತಾರೆ. ಸಂಜೆ ಹೊತ್ತಿಗೆ ತೂತು ಮುಚ್ಚಿ, ಉಜ್ಜಿ, ಬೂದು ಪ್ರೈಮರ್ ಬಳಿದದ್ದಾಯಿತು. ಮೇಲೆ ಕೆನೆಬಣ್ಣ ಹಚ್ಚೋಣವೆಂದು ಹಳೆಯ ಡಬ್ಬಿ ತೆರೆದರೆ ಬಣ್ಣ ಒಣಗಿ ಕಲ್ಲಾಗಿತ್ತು. ಅದೇ ಬಣ್ಣ ಹೊಸದಾಗಿ ಬೆರೆಸಿ ಕೊಡಲು ಅಂಗಡಿಯವನು ಮುಂದಿನ ವಾರದ ಮಾತಾಡಿದ. ಬೂದು ತೇಪೆಯ ಗಾಡಿಯಲ್ಲಿ ಮದುಮಗಳನ್ನು ಕರೆದೊಯ್ಯಲು ಲೂಯಿಸರಿಗೆ ಮನಸ್ಸಿಲ್ಲ. ಸಂಗಮೇಶರಿಗೆ ಫೋನ್ ಮಾಡಿ, ಎಂತಕ್ಕೂ ಬೇರೆ ಕಾರು ಹೇಳಿಡಿ ಎಂದುಬಿಟ್ಟರು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಆದರೂ ಶನಿವಾರ ಬೆಳಿಗ್ಗೆ ಕಾರು ಓಣಿಯಿಂದ ಹೊರಡುತ್ತದೆ. ಕೊಟ್ಟ ಮಾತಿಗೆ ಮನೆ ಬಾಗಿಲವರೆಗಾದರೂ ಹೋಗಬೇಕು, ಮುಂದಿನದು ಹುಡುಗಿಗೆ ಬಿಟ್ಟದ್ದು ಎಂದು ಲೂಯಿಸ್ ತೀರ್ಮಾನಿಸಿದ್ದಾರೆ. ಹೌನ್ಸ್ಲೋದ ಮನೆ ಎದುರು ಉದ್ದನೆಯ ಕರಿ ಬಾಡಿಗೆ ಕಾರೊಂದು ಮಿರಮಿರ ಮಿಂಚುತ್ತ ನಿಂತಿದೆ. ಲೂಯಿಸ್ ಅದರ ಹಿಂದೆ ತಮ್ಮದನ್ನು ನಿಲ್ಲಿಸುತ್ತಾರೆ. ಕೆಂಪು ಸೀರೆ, ಬಾಸಿಂಗದಲ್ಲಿ ಅಪೂರ್ವಾ ಹೊರಗೆ ಬರುತ್ತಾಳೆ. ಅವಳಿಗೆ ಈವರೆಗೂ ಯಾರೂ ವಿಷಯ ಹೇಳಿಲ್ಲ. ತೇಪೆಯನ್ನು ನೋಡುತ್ತಾಳೆ, ಕರಿ ಕಾರನ್ನು ನೋಡುತ್ತಾಳೆ, ನೆಲ ನೋಡುತ್ತ ನಿಂತ ಅಪ್ಪನನ್ನು ನೋಡುತ್ತಾಳೆ. ಹುಬ್ಬಳ್ಳಿಯಿಂದ ಮದುವೆಗೆಂದು ಬಂದಿರುವ ಅಜ್ಜಿ ಚಂದ್ರವ್ವ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ.

‘ಅದರಲ್ಲೇ ಹೋಗು ಅಪೂರ್ವಾ. ನಂಗೇನೂ ಬೇಜಾರಿಲ್ಲ’ ಎಂದು ಲೂಯಿಸ್ ಕರಿ ಕಾರಿನತ್ತ ಕೈ ತೋರಿಸುತ್ತಾರೆ. ಅವರು ಅಪ್ಪಟ ಸುಳ್ಳು ಹೇಳಿದ್ದು ಇದೊಂದೇ ಸಲ ಇರಬೇಕು.

ಅಪೂರ್ವಾ ಅಪ್ಪನ ತೋಳಿಗೆ ಹಣೆ ಆನಿಸಿ ನಗಲು ಶುರು ಮಾಡುತ್ತಾಳೆ. ಕಣ್ಣಿನ ಕಾಡಿಗೆ ಕೆಡುವಷ್ಟು ನಗುತ್ತಾಳೆ. ನಗು ನಿಂತ ಮೇಲೆ, ‘ಅಂಕಲ್, ಡೋರ್ ತೆಗೀರಿ’ ಎನ್ನುತ್ತಾಳೆ.

ಚಂದ್ರವ್ವ ಒಳಗೆ ಹೋಗಿ ಮದುಮಗಳಿಗೆ ಹಚ್ಚಿ ಉಳಿದ ಅರಿಶಿಣದ ಬಟ್ಟಲು ತರುತ್ತಾರೆ. ಬೂದು ತೇಪೆ ಕಾಣದಂತೆ ದಪ್ಪಗೆ ಮೆತ್ತುತ್ತಾರೆ. ಪ್ರೈಮರಿಗೆ ಹತ್ತಿದ ಅರಿಶಿಣದ ಕಲೆ ಹೋಗುವುದಲ್ಲ ಎಂದು ಲೂಯಿಸ್ ಮೆಲ್ಲಗೆ ಹೇಳಿ ನೋಡುತ್ತಾರೆ.

‘ಹೋಗೂದ್ಯಾಕ ಬೇಕೋ ಯಪ್ಪಾ? ಈಕಿಗೆ ಹಚ್ಚೇವಿ, ಗಾಡಿಗೂ ಹಚ್ಚೂದು. ಇವತ್ತು ಇಬ್ಬರದೂ ಮದುವಿ ಐತಿ’ ಎಂದು ಚಂದ್ರವ್ವ ಕೈ ಒರೆಸಿಕೊಳ್ಳುತ್ತಾರೆ.

ಅಪೂರ್ವಾ ಹಿಂದು ಮುಂದಾಗಿ ನಿಂತು, ಕೂತು, ಎರಡೂ ಕಾಲು ಒಳಗೆಳೆದುಕೊಳ್ಳುತ್ತಾಳೆ. ಕ್ರಿಸ್ಟೀನ್ ಸೆರಗಿಗೆ ಪಿನ್ನು ಹಾಕುತ್ತಾರೆ. ಅರಿಶಿಣ ಮೂತಿಯ ಕಾರು ಹೌನ್ಸ್ಲೋದ ಬೀದಿಯಲ್ಲಿ ಸಾಗಿದಾಗ ಬಸ್ಸಿನ ಮೇಲಂತಸ್ತಿನವರೂ ಬಗ್ಗಿ ನೋಡುತ್ತಾರೆ. ಕರಿ ಕಾರು ಬಂಧುಗಳನ್ನು ಹೊತ್ತು ವಿನಯದಿಂದ ಹಿಂದೆ ಬರುತ್ತದೆ.

ಮದುವೆ ಹಾಲ್‌ನ ಬಾಗಿಲಲ್ಲಿ ಜನ ಕಾರಿಗೆ ಮುತ್ತಿಕೊಳ್ಳುತ್ತಾರೆ. ಎಜ್‌ವೇರ್‌ನಿಂದ ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಇದು ಯಾವ ಇಸವಿಯದ್ದು ಎಂದು ವಿಚಾರಿಸುತ್ತಾರೆ. ನಕಲು ಎಂದು ಲೂಯಿಸ್ ಹೇಳುತ್ತಾರೆ. ಹಿರಿಯರು ಎಂದಿನಂತೆ ನಂಬದ ನಗು ನಗುತ್ತಾರೆ.

‘ಖರೇನ ನಕಲೈತ್ರಿ. ನಾನ ಒಡದು ನೋಡೇನಿ’ ಎಂದು ಸಂಗಮೇಶ ನಡುವೆ ಬಾಯಿ ಹಾಕುತ್ತಾರೆ. ಗುರುವಾರದಿಂದ ಬಾಡಿದ್ದ ಮುಖದಲ್ಲಿ ಈಗ ಜೀವ ಬಂದಿದೆ.

ಒಳಗೆ ಓಲಗ ಶುರುವಾಗಿದೆ. ಪುರೋಹಿತರು ಎರಡು ಸಲ ಹೇಳಿ ಕಳಿಸಿದ್ದಾರೆ. ಲೂಯಿಸ್ ಬಂದು ಕಾರಿನ ಬಾಗಿಲು ತೆರೆದು ನಿಲ್ಲುತ್ತಾರೆ. ಅಪೂರ್ವಾ ಇಳಿಯುವುದಿಲ್ಲ. ಸ್ಟಿಯರಿಂಗಿನ ಕಡೆ ಕಣ್ಣಲ್ಲೇ ತೋರಿಸಿ, ಇನ್ನೊಂದು ರೌಂಡ್ ಹೋಗೋಣವಾ ಎಂದು ಪಿಸುಗುಡುತ್ತಾಳೆ. ಕೋಟು ಜಗ್ಗಿದ ಆ ವಯಸ್ಸಿನ ಹುಡುಗಿ ಕೇಳುವಂತೆಯೇ ಕೇಳುತ್ತಾಳೆ. ಲೂಯಿಸ್ ಒಮ್ಮೆ ಹಾಲ್‌ನ ಕಡೆ ನೋಡುತ್ತಾರೆ. ಬಾಗಿಲು ಮುಚ್ಚುತ್ತಾರೆ. ಸುತ್ತು ಬಳಸಿ ಬಂದು ತಮ್ಮ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡುತ್ತಾರೆ. ಸಂಗಮೇಶ ಎರಡೂ ಕೈ ಎತ್ತಿ, ಮುಹೂರ್ತ ಮೀರುತ್ತದೆ ಎನ್ನುತ್ತ ಓಡಿ ಬರುತ್ತಾರೆ.

‘ಮದುಮಗಳೇ ನನ್ನ ಕಾರಲ್ಲಿರುವಾಗ ಮುಹೂರ್ತ ಎಲ್ಲಿಗೆ ಹೋಗ್ತದೆ ಸಂಗಮೇಶರೆ?’ ಎನ್ನುತ್ತಾ ಲೂಯಿಸ್ ಹ್ಯಾಂಡ್ ಬ್ರೇಕ್ ಇಳಿಸುತ್ತಾರೆ.