ಅಪ್ಪ ಕೆಳಗೆ, ನಾನು ಮೇಲೆ

ಪೀಣ್ಯದ ನಮ್ಮೂರಲ್ಲಿ ಸಂಜೆಯಾದರೆ ಎರಡು ಕಡೆಯಿಂದ ಜನ ಬರುತ್ತಾರೆ. ಫ್ಯಾಕ್ಟರಿ ಶಿಫ್ಟ್ ಬಿಟ್ಟವರು ಒಂದು ಕಡೆಯಿಂದ, ಬಾಡಿಗೆ ಮನೆ ಕಟ್ಟಿಸಿಕೊಂಡು ಹಗಲೆಲ್ಲ ಸುಮ್ಮನೆ ಕೂತಿದ್ದ ನಮ್ಮಂಥವರು ಇನ್ನೊಂದು ಕಡೆಯಿಂದ. ಇಬ್ಬರೂ ಸೇರುವ ಜಾಗ ಬಸ್ ಸ್ಟಾಪಿನ ಹಿಂದಿನ ಬಾರ್ ಅಂಡ್ ರೆಸ್ಟೋರೆಂಟು. ಕೆಳಗೆ ಫ್ಯಾನಿನ ಹಾಲು, ದೊಡ್ಡ ಟೀವಿ, ಕ್ರಿಕೆಟ್ಟು, ಗಲಾಟೆ. ಮೇಲೆ ಎ.ಸಿ. ಹಾಲು, ಅಲ್ಲಿ ತಟ್ಟೆಗಿಷ್ಟು ಅಂತ ರೇಟು ಜಾಸ್ತಿ.

ಆ ಬಾರಿನಲ್ಲಿ ಒಬ್ಬ ಹಳೇ ಸಪ್ಲೈಯರ್ ಇದ್ದರು. ಕರಾವಳಿ ಕಡೆಯವರು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದು ನಮ್ಮೂರ ಸಂಬಂಧಗಳೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲೇಬೇಕಿತ್ತು, ಏಕೆಂದರೆ ನಮ್ಮಲ್ಲಿ ಯಾರು ಯಾರ ಎದುರು ಕುಡಿಯಬಹುದು ಅನ್ನುವುದಕ್ಕೆ ಕಟ್ಟುನಿಟ್ಟಾದ ಲೆಕ್ಕವಿದೆ. ಬಾವ ಬಾಮೈದ ಒಂದೇ ಟೇಬಲ್ಲಿಗೆ ಕೂರಬಹುದು. ಮಾವ ಅಳಿಯ ಒಂದೇ ಹಾಲಿನಲ್ಲೂ ಇರುವಂತಿಲ್ಲ. ಅಪ್ಪ ಮಗನಂತೂ ಕೇಳಲೇಬೇಡಿ. ಅಪ್ಪ ಕುಡಿಯುವುದು ಮಗನಿಗೆ ಗೊತ್ತು, ಮಗ ಕುಡಿಯುವುದು ಅಪ್ಪನಿಗೆ ಗೊತ್ತು, ಆದರೂ ಕಣ್ಣಿಗೆ ಬೀಳಬಾರದು. ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನು ನೋಡಿ ಮೇಲಕ್ಕೋ ಕೆಳಕ್ಕೋ ಕಳಿಸುವುದು ಆ ಪುಣ್ಯಾತ್ಮರ ಕೆಲಸ. ಯಾರ ಮರ್ಯಾದೆಯೂ ಹೋಗದ ಹಾಗೆ ಒಂದು ಊರನ್ನೇ ದಿನಾ ಸಂಜೆ ಕೂರಿಸುತ್ತಿದ್ದರು.

ನನ್ನನ್ನು ನೋಡಿದ ಕೂಡಲೇ, "ಮೇಲೆ ಹೋಗಿ ಸಾರ್, ಎ.ಸಿ. ಹಾಕಿದ್ದೀನಿ" ಅನ್ನುತ್ತಿದ್ದರು. ಅಪ್ಪ ಕೆಳಗಿದ್ದಾರೆ ಅಂತ ಅರ್ಥ. ನಾನು ತಲೆ ಎತ್ತದೆ ಮೆಟ್ಟಿಲು ಹತ್ತುತ್ತಿದ್ದೆ. ನಾನು ದಿನಾ ಹೋಗುತ್ತಿದ್ದ ಆ ಎರಡು ವರ್ಷದಲ್ಲಿ ಎ.ಸಿ. ಹಾಕದ ಸಂಜೆಯೇ ಇರಲಿಲ್ಲ. ಈ ವಯಸ್ಸಿನಲ್ಲಿ ದಿನಾ ಬರುತ್ತಾರಲ್ಲ, ನಾಚಿಕೆ ಬೇಡವೇ ಅಂತ ಮೂರನೇ ಗ್ಲಾಸು ಹಿಡಿದುಕೊಂಡು ಅಪ್ಪನನ್ನು ಬೈದುಕೊಳ್ಳುತ್ತಿದ್ದೆ. ನನಗೇನು ದೊಡ್ಡ ದುಃಖವಿತ್ತು ಅಂತ ಕೇಳಬೇಡಿ. ಏನೂ ಇರಲಿಲ್ಲ. ಬಾಡಿಗೆ ಬರುತ್ತಿತ್ತು, ಸಂಜೆ ಉದ್ದವಿತ್ತು, ಅಷ್ಟೇ.

ನಾಲ್ಕನೆಯದು ಕೇಳಿದರೆ ಮಾತ್ರ ಆ ಸಪ್ಲೈಯರ್ ಜೊತೆ ಜಗಳ. "ನಿಮ್ಮ ಬ್ರಾಂಡ್ ಖಾಲಿ ಸಾರ್" ಅನ್ನುವರು. ಬೇರೆ ಕೊಡಿ ಅಂದರೆ ಕಿವಿ ಕೇಳಿಸದವರ ಹಾಗೆ ಒಳಗೆ ಹೋಗಿ, ನಾನು ಹೇಳದೇ ಇದ್ದ ಮುದ್ದೆ, ಬೋಟಿ ಗೊಜ್ಜು ತಂದು ಮುಂದಿಡುವರು. "ಬಿಸಿ ಇದೆ, ಊಟ ಮಾಡ್ಬಿಡಿ." ನಾನು ಸಿಟ್ಟಿನಿಂದಲೇ ಉಣ್ಣುತ್ತಿದ್ದೆ. ಇಂಥ ಬಾರಿಗೆ ಯಾವನು ಬರುತ್ತಾನೆ ಅಂತ ಕೂಗಾಡಿ, ಮರುದಿನ ನಾನೇ ಬರುತ್ತಿದ್ದೆ.

ಮನೆಯಲ್ಲಿ ಹೆಂಡತಿ ಮಾತು ತೆಗೆದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು. "ಅಪ್ಪನೇ ದಿನಾ ಹೋಗ್ತಾರೆ. ಅವರನ್ನ ಕೇಳು ಹೋಗು, ಆಮೇಲೆ ನನ್ನ ಹತ್ರ ಬಾ." ಅವಳು ಕೇಳಲಿಲ್ಲ. ಒಂದು ದಿನ ಆರು ವರ್ಷದ ಮಗಳನ್ನು ಕರೆದುಕೊಂಡು ನೆಲಮಂಗಲದ ತವರಿಗೆ ಹೊರಟೇಬಿಟ್ಟಳು. ಹೊರಡುವಾಗ ಅತ್ತಿರಲಿಲ್ಲ, ಕೂಗಿರಲಿಲ್ಲ. "ಬೆಳಿಗ್ಗೆ ಎಲ್ರೂ ಒಳ್ಳೆಯವ್ರೇ ಕಣ್ರೀ. ಒಂದೇ ಒಂದು ಸಂಜೆ ಕುಡೀದೆ ಬಂದು ಕರೀರಿ, ಅವತ್ತೇ ಬರ್ತೀನಿ" ಅಂದಳು.

ಒಂದೇ ಒಂದು ಸಂಜೆ. ಅದೇನು ಮಹಾ ಅಂದುಕೊಂಡೆ. ಮೂರು ತಿಂಗಳಾದರೂ ಅದೊಂದು ನನ್ನ ಕೈಲಿ ಆಗಲಿಲ್ಲ. ದಿನಾ ಸ್ನಾನ ಮಾಡಿ, ಒಗೆದ ಶರ್ಟು ಹಾಕಿಕೊಂಡು ನೆಲಮಂಗಲಕ್ಕೆಂದೇ ಗಾಡಿ ತೆಗೆಯುತ್ತಿದ್ದೆ. ಬಸ್ ಸ್ಟಾಪಿನವರೆಗೂ ಗಂಡಸಾಗಿರುತ್ತಿದ್ದೆ. ಅಲ್ಲಿಂದ ಒಂದು ಐದು ನಿಮಿಷ ಒಳಗೆ ಹೋಗಿ ಬರೋಣ ಅನ್ನಿಸುತ್ತಿತ್ತು. ಮಗಳು ಫೋನಿನಲ್ಲಿ ಮಾತಾಡುವುದನ್ನೂ ಕಡಿಮೆ ಮಾಡಿದಳು. ಅದು ನನ್ನನ್ನು ಕೊಲ್ಲುತ್ತಿತ್ತು. ಆದರೂ ಮೆಟ್ಟಿಲು ಹತ್ತುತ್ತಿದ್ದೆ.

ಒಂದು ಶನಿವಾರ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಹೋದರೆ ಬಾಗಿಲಲ್ಲಿ ಸಪ್ಲೈಯರ್ ಇಲ್ಲ. ಮೇಲಿನ ಹಾಲಿನ ಸೀಲಿಂಗ್ ಕಳಚಿ ಬಿದ್ದಿದೆಯಂತೆ, ಅವರು ಅಲ್ಲಿನ ಕುರ್ಚಿ ಟೇಬಲ್ಲು ಎತ್ತಿಡುವುದರಲ್ಲಿದ್ದರು. ಕ್ಯಾಶಿನಲ್ಲಿ ಹೊಸಬ. ಊರು ಕೇರಿ ಗೊತ್ತಿಲ್ಲದವನು. "ಮೇಲೆ ಕ್ಲೋಸ್ ಅಣ್ಣ, ಕೆಳಗೇ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಬಂದವರನ್ನೆಲ್ಲ ಒಳಗೆ ತಳ್ಳುತ್ತಿದ್ದ.

ಒಳಗೆ ನಮ್ಮೂರ ಮಾನವೆಲ್ಲ ಒಂದೇ ಹಾಲಿನಲ್ಲಿತ್ತು. ಒಬ್ಬ ಅಳಿಯ ಮೆನು ಕಾರ್ಡನ್ನು ಮುಖಕ್ಕೆ ಹಿಡಿದು ಕೂತಿದ್ದ. ಅವನ ಮಾವ ಚಪ್ಪಲಿ ಹುಡುಕುವ ನೆಪದಲ್ಲಿ ಟೇಬಲ್ಲಿನ ಕೆಳಗೆ ಬಗ್ಗಿದವರು ಏಳಲೇ ಇಲ್ಲ. ನನಗೆ ನಗು ಬಂತು. ನಗುತ್ತಲೇ ತಿರುಗಿದರೆ, ಎದುರಿನ ಮೂಲೆಯಲ್ಲಿ ಅಪ್ಪ.

ಓಡಿಹೋಗಬಹುದಿತ್ತು. ಆದರೆ ಕಣ್ಣು ಅವರ ಟೇಬಲ್ಲಿನ ಮೇಲೆ ಬಿತ್ತು. ಅಪ್ಪನ ಮುಂದೆ ಒಂದು ತಟ್ಟೆ ಕಡಲೆಬೀಜ, ಒಂದು ಸೋಡಾ ಬಾಟಲಿ, ಹಿಂಡಿದ ನಿಂಬೆಹೋಳು. ಗ್ಲಾಸಿನಲ್ಲಿ ಬೆಳ್ಳಗಿನದೇನೋ. ಅಷ್ಟರಲ್ಲಿ ಸಪ್ಲೈಯರ್ ಮೆಟ್ಟಿಲಿಳಿದು ಬಂದರು. ನಮ್ಮಿಬ್ಬರನ್ನೂ ಒಂದೇ ಕಡೆ ನೋಡಿ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. "ತಪ್ಪಾಯ್ತು ಯಜಮಾನ್ರೇ, ಬಾಗಿಲು ಬಿಟ್ಟು ಹೋಗಬಾರದಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಅದು ಬರೀ ಸೋಡಾ. ಎರಡು ವರ್ಷದಿಂದ ಅಷ್ಟೇ" ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಹೋಗಿ ಅಪ್ಪನ ಎದುರು ಕೂತೆ. ಹುಟ್ಟಿದಾಗಿನಿಂದ ಮೊದಲ ಸಲ.

"ಮತ್ತೆ ದಿನಾ ಯಾಕ್ ಬರ್ತೀರಾ?"

ಅಪ್ಪ ಕಡಲೆಬೀಜದ ಸಿಪ್ಪೆ ಉಜ್ಜುತ್ತಾ ಹೇಳಿದರು. "ನಾನು ಕೆಳಗೆ ಕುಂತಿದ್ರೆ ನೀನು ಮ್ಯಾಕೋಗ್ತೀಯ. ಮ್ಯಾಲೋದ್ರೆ ಇವರ ಕೈಗೆ ಸಿಕ್ತೀಯ. ಮೂರಕ್ಕೆ ನಿಲ್ಸಿ ಉಣ್ಣಕ್ಕಿಕ್ಕಿ ಕಳ್ಸಿ ಅಂದಿದ್ದೆ. ಇಲ್ಲಿ ಗುಂಪಲ್ಲಿ ಕುಂತ್ರೆ ನಿನ್ನ ಯಾರಪ್ಪ ನಿಲ್ಲುಸ್ತಾರೆ?"

"ನನ್ನನ್ನೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ಮಕಾಮಕಿ ಆಗೋದು. ಆಮೇಲೆ ನಿಂಗೆ ನನ್ನ ಭಯ ಎಲ್ಲಿರ್ತಿತ್ತು?"

"ನೀವು ಯಾವಾಗ ಬಿಟ್ರಿ?"

"ಮೊಮ್ಮಗಳು ತೊಡೆ ಮ್ಯಾಲೆ ಕುಂತಿದ್ಲು. ತಾತ, ನಿನ್ನ ಬಾಯಿ ವಾಸ್ನೆ ಅಂದ್ಲು. ಅವತ್ತೇ ಬಿಟ್ಟೆ."

ಆ ಮಗು ಅದೇ ಮಾತನ್ನು ನನಗೂ ಹೇಳಿತ್ತು. ಮರುದಿನದಿಂದ ನಾನು ಸೋಂಪು ಜಗಿದುಕೊಂಡು ಮನೆಗೆ ಹೋಗಲು ಶುರು ಮಾಡಿದ್ದೆ.

ಸಪ್ಲೈಯರ್ ಕೇಳದೆಯೇ ಎರಡು ಊಟ ತಂದಿಟ್ಟರು. ಅಪ್ಪ ತಮ್ಮ ತಟ್ಟೆಯ ಬೋಟಿಯಲ್ಲಿ ಅರ್ಧ ನನಗೆ ಹಾಕಿದರು. ಎರಡು ವರ್ಷ ದಿನಾ ಸಂಜೆ, ತನಗೆ ಬೇಡದ ಜಾಗದಲ್ಲಿ, ಕುಡುಕ ಅಂತ ಮಗನ ಕೈಲೇ ಅನ್ನಿಸಿಕೊಳ್ಳುತ್ತಾ ಸೋಡಾ ಹಿಡಿದು ಕೂತಿದ್ದ ಈ ಮನುಷ್ಯನ ಕಾಲಿಗೆ ಬೀಳೋಣ ಅಂದರೆ ಅದು ಬಾರು. ಸಪ್ಲೈಯರ್‌ಗೆ ಮಾತ್ರ ಕೈ ಮುಗಿದೆ. ಅವರು, "ಗೊಜ್ಜು ಇನ್ನೊಂದು ಸ್ವಲ್ಪ ಹಾಕ್ಲಾ ಸಾರ್?" ಅಂದರು.

ಅಪ್ಪ ಗಾಡಿಯಲ್ಲಿ ನನ್ನ ಹಿಂದೆ ಕೂತು ಮನೆಗೆ ಬಂದರು. ಗೇಟಿನ ಹತ್ತಿರ ಇಳಿದು, ನನ್ನ ಮುಂದೆ ಬಂದು ನಿಂತು, "ಬಾಯಿ ಬುಡು" ಅಂದರು. ನಲವತ್ತು ವರ್ಷದ ನಾನು ಬಾಯಿ ತೆರೆದೆ. ಅವರು ಬಗ್ಗಿ ಮೂಸಿ ನೋಡಿದರು.

"ಬೋಟಿ ವಾಸ್ನೆ ಬುಟ್ರೆ ಏನಿಲ್ಲ. ಇಳೀಬ್ಯಾಡ, ಇಂಗೇ ನೆಲಮಂಗಲಕ್ಕೋಗು. ಮಗು ಇನ್ನೂ ಮನಗಿರಲ್ಲ."

ನಾನು ಇಂಜಿನ್ ಆರಿಸಲೇ ಇಲ್ಲ.