ಗ್ರೂಪಿನಲ್ಲಿದ್ದ ನಾನು, ರಸ್ತೆಯಲ್ಲಿದ್ದ ಶಮೀಮ್

ದಾಬಸ್‌ಪೇಟೆಗೆ ಬಂದು ಮೂರು ವಾರವಾಗಿತ್ತು. ಪಕ್ಕದ ಮನೆಯವನ ಹೆಸರು ತಿಳಿಯುವ ಮೊದಲೇ ಅವನ ಒಡೆದ ತಲೆಯನ್ನು ನಾನು ನೋಡಿದ್ದೆ. ಅದೂ ನನ್ನ ಫೋನಿನಲ್ಲಿ, ಒಲೆಯ ಮುಂದೆ ಸೌಟು ಹಿಡಿದು ನಿಂತುಕೊಂಡು. ಹೆದ್ದಾರಿಯ ಅಂಚಿನಲ್ಲಿ ಬೈಕು ಬಿದ್ದಿತ್ತು. ಅವನು ಕುಳಿತಲ್ಲೇ ಎರಡೂ ಕೈಯಿಂದ ತಲೆ ಅದುಮಿಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ವೀಡಿಯೊ ತೆಗೆಯುತ್ತಿದ್ದವನ ದನಿ ಮಾತ್ರ ಕೇಳುತ್ತಿತ್ತು: "ಯಾರ್ ಮನೆಯೋರು ನೋಡಿ, ಗುರುತಿದ್ರೆ ಶೇರ್ ಮಾಡಿ." ನನಗೆ ಮೈ ಉರಿದುಹೋಯಿತು. ಇವನಿಗೆ ಮಾತಾಡಲು ಬಾಯಿದೆ, ಹಿಡಿದೆತ್ತಲು ಕೈಯಿಲ್ಲವೇ?

ಸಿಂದಗಿ ಕಡೆಯ ನಮ್ಮೂರಿನವರಿಗೆ ಇದನ್ನು ಹೇಗೆ ವಿವರಿಸಲಿ! ನಮ್ಮಲ್ಲಿ ಯಾರಾದರೂ ಬಿದ್ದರೆ, ಕಣ್ಣು ಎಲ್ಲಿಟ್ಟುಕೊಂಡಿದ್ದೆ ಎಂದು ಮೊದಲು ಬೈಯುತ್ತಾರೆ. ಬೈಗುಳದಲ್ಲಿ ಬಿದ್ದವನ ಅಪ್ಪ, ಅಜ್ಜ ಯಾರನ್ನೂ ಬಿಡುವುದಿಲ್ಲ. ಆದರೆ ಬೈಯುತ್ತಲೇ ಎತ್ತುತ್ತಾರೆ. ಬೈಯಬೇಕಾದರೆ ಬಿದ್ದವನು ಯಾರ ಮಗನೆಂದು ಗೊತ್ತಿರಬೇಕಲ್ಲ? ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ನಾವಿದ್ದದ್ದು ಮನೆ ಮಾಲೀಕರ ರಾಗಿ ಹೊಲದಲ್ಲಿ ಎದ್ದುನಿಂತ ಎಂಟು ಸಾಲುಮನೆಗಳಲ್ಲಿ ಒಂದರಲ್ಲಿ. ಒಂದು ಮನೆಯಲ್ಲಿ ಒಡಿಶಾದವರು, ಇನ್ನೊಂದರಲ್ಲಿ ಅಸ್ಸಾಮಿನವರು, ಕೊನೆಯ ಮನೆಯಲ್ಲಿ ಪಾವಗಡದವರು. ನನ್ನ ಗಂಡ ಗೋದಾಮಿಗೆ, ನಾನು ಬಿಸ್ಕತ್ತಿನ ಪ್ಯಾಕಿಂಗಿಗೆ. ಎಂಟೂ ಮನೆಗಳಿಗೆ, ಹಿಂದಿನ ಬೀದಿಗಳಿಗೂ ಸೇರಿ ಮಾಲೀಕರು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದರು. ನೀರು ಯಾವಾಗ ಬಿಡುತ್ತಾರೆಂದು ತಿಳಿಸುವುದಕ್ಕೆ ಶುರುವಾದದ್ದು ಬರಬರುತ್ತಾ ಎಲ್ಲದಕ್ಕೂ ಬಳಕೆಗೆ ಬಂತು.

ತಲೆ ಒಡೆದುಕೊಂಡವನು ಅನ್ವರ್. ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವನು. ಆರು ಹೊಲಿಗೆ ಹಾಕಿಸಿಕೊಂಡು ಎರಡೇ ದಿನದಲ್ಲಿ ಓಡಾಡತೊಡಗಿದ. ಅವನ ಹೆಂಡತಿ ಶಮೀಮ್ ದೊಡ್ಡಬಳ್ಳಾಪುರದವಳು, ಗಾರ್ಮೆಂಟ್ಸಿನಲ್ಲಿ ಟೈಲರ್. ಮನೆಯೊಳಗೆ ದಖನಿ ಉರ್ದು, ಹೊಸ್ತಿಲು ದಾಟಿದರೆ ಪಟಪಟ ಕನ್ನಡ. ಆ ವೀಡಿಯೊ ತೆಗೆದವನನ್ನು ನಾನು ಬೈದಾಗ ಅವಳು ನಕ್ಕುಬಿಟ್ಟಳು.

"ಅದ್ ಬರ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಅಕ್ಕ. ಇಲ್ಲಿ ಯಾರಿಗೆ ಯಾರ್ ಗೊತ್ತು? ನಿಮ್ಮೂರಲ್ಲಿ ಡಂಗುರ ಸಾರ್ತಾರಲ್ಲ, ಹಂಗೇ ಇದು."

ನಾನೂ ನಿಧಾನವಾಗಿ ಪಳಗಿದೆ. ಮಾಲೀಕರ ಹೆಂಡತಿ "ಅಗೀಬೇಡಮ್ಮ, ನುಂಗು" ಎಂದು ಹೇಳಿಹೇಳಿ ಮುದ್ದೆ ತಿನ್ನುವುದನ್ನು ಕಲಿಸಿದರು. ಫೋನ್ "ಹಚ್ಚು" ಎನ್ನದೆ "ಮಾಡು" ಎನ್ನುವುದನ್ನು ಶಮೀಮ್ ಕಲಿಸಿದಳು. ರಸ್ತೆಯಲ್ಲಿ ಸಿಕ್ಕ ಬೀಗದ ಕೈಗೊಂಚಲಿನ ಫೋಟೊ ಗ್ರೂಪಿಗೆ ಹಾಕಿ, ಅರ್ಧ ಗಂಟೆಯಲ್ಲಿ ಅದರ ಒಡತಿಯನ್ನು ಹುಡುಕಿಕೊಟ್ಟ ದಿನ ನನಗೆ ಏನೋ ದೊಡ್ಡದು ಸಾಧಿಸಿದ ಹಿಗ್ಗು. ಇಲ್ಲಿಯೂ ನಾನೊಬ್ಬಳು ಇದ್ದೇನೆ ಎಂದು ಮೊದಲ ಸಲ ಅನ್ನಿಸಿತು.

ಆರು ತಿಂಗಳು ಕಳೆದಿತ್ತು. ಒಂದು ಬುಧವಾರ ಬೆಳಗ್ಗೆ ಎಂಟು ದಾಟಿತ್ತು, ನಾನು ಚಹಾ ಕುಡಿಯುತ್ತಾ ತಲೆ ಬಾಚಿಕೊಳ್ಳುತ್ತಿದ್ದೆ. ಗ್ರೂಪಿಗೆ ವೀಡಿಯೊ ಬಂತು. ಸರ್ವಿಸ್ ರೋಡಿನಲ್ಲಿ ಒಬ್ಬ ಹೆಂಗಸು ಬೋರಲು ಬಿದ್ದಿದ್ದಾಳೆ. ಟೆಂಪೊ ಗುದ್ದಿ ನಿಲ್ಲಿಸದೆ ಹೋಗಿದೆಯಂತೆ. ಮುಖ ಕಾಣುತ್ತಿಲ್ಲ. "108ಗೆ ಮಾಡಿ" ಎಂದು ಒಬ್ಬರು, "ಮಾಡಿದ್ರಾ?" ಎಂದು ಇನ್ನೊಬ್ಬರು, "ಮಾಡಿರ್ತಾರೆ" ಎಂದು ಮತ್ತೊಬ್ಬರು. ಉಳಿದವರದೆಲ್ಲ ಬರೀ ಜೋಡಿಸಿದ ಕೈಗಳ ಚಿತ್ರ. ನಾನೂ ಬರೆದೆ: "ಅಯ್ಯೋ ಪಾಪ, ಯಾರಾದರೂ ಬೇಗ ಆಸ್ಪತ್ರೆಗೆ ಸೇರಿಸಿ." ಬರೆದು, ಉಳಿದ ಚಹಾ ಕುಡಿದೆ. ಆ ಜಾಗ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಹೋಗಬೇಕು ಎಂದು ಅನ್ನಿಸಲೇ ಇಲ್ಲ. ನನ್ನ ಕೆಲಸ ನಾನು ಮಾಡಿ ಮುಗಿಸಿದ್ದೇನೆ ಎಂಬ ಸಮಾಧಾನ ಮನಸ್ಸಿನಲ್ಲಿತ್ತು.

ಎರಡನೆಯ ವೀಡಿಯೊ ಬಂತು. ಈ ಸಲ ಹತ್ತಿರದಿಂದ. ಅವಳ ತಲೆಯ ಪಕ್ಕದಲ್ಲಿ ಒಂದು ಚೀಲ. ಹಳೆಯ ಕೌದಿಯ ತುಂಡುಗಳಿಂದ ನಮ್ಮವ್ವ ಕೈಯಾರೆ ಹೊಲಿದುಕೊಟ್ಟ ನನ್ನ ಬುತ್ತಿ ಚೀಲ. ಹಿಂದಿನ ದಿನ ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಶಮೀಮ್‌ಗೆ ಕೊಟ್ಟಿದ್ದೆ.

ಚಪ್ಪಲಿಯಿಲ್ಲದೆ ಓಡಿದೆ.

ಅಲ್ಲಿ ಇಪ್ಪತ್ತು ಜನರಾದರೂ ಇದ್ದರು. ಕೆಟ್ಟವರಲ್ಲ ಅವರು, ಇದನ್ನು ನಾನು ಹೇಳಲೇಬೇಕು. ಒಬ್ಬನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಹಿಡಿದಿದ್ದರಿಂದ ಮುಚ್ಚಳ ತೆಗೆಯಲು ಅವನಿಗೆ ಆಗಿರಲಿಲ್ಲ. ಶಮೀಮ್‌ಳ ಬಲಗಾಲಿನ ಕೆಳಗೆ ರಕ್ತ ಹರಡಿ ಧೂಳಿನಲ್ಲಿ ಕಪ್ಪಾಗುತ್ತಿತ್ತು. ನಾನು ಬಗ್ಗಿದ ಕೂಡಲೇ ಹಿಂದಿನಿಂದ ದನಿ ಬಂತು.

"ಮುಟ್ಬೇಡಿ ಅಕ್ಕ, ಕೇಸಾಗುತ್ತೆ. ಆಂಬುಲೆನ್ಸ್ ಬರ್ತಿದೆ."

"ಯಾರು ಫೋನ್ ಹಚ್ಚೀರಿ?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ಬಾಟಲಿ ಹಿಡಿದವನ ಮುಖ ನೋಡಿದ.

"ಯಾರ್ರೀ ಹಚ್ಚೀರಿ?" ಎಂದು ಕಿರುಚಿದೆ.

"ಗ್ರೂಪಲ್ಲಿ ಯಾರಾದ್ರೂ ಮಾಡಿರ್ತಾರಲ್ಲ ಅಕ್ಕ."

ಆ ಗ್ರೂಪಿನಲ್ಲಿ ನಾನೂ ಇದ್ದೆ. ನಾನೂ ಮಾಡಿರಲಿಲ್ಲ.

ನಾನೇ 108ಕ್ಕೆ ಫೋನ್ ಮಾಡಿದೆ. ಎಲ್ಲಿ ಎಂದು ಕೇಳಿದರು. ಆರು ತಿಂಗಳಿಂದ ದಿನಕ್ಕೆರಡು ಸಲ ದಾಟುವ ಆ ಜಾಗವನ್ನು ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ, ಮಲ್ಲಪ್ಪನ ಹೊಲದ ಬೇವಿನ ಗಿಡ, ಅಲ್ಲಿಂದ ಹತ್ತು ಹೆಜ್ಜೆ ಎಂದು. ಬಾಟಲಿಯವನ ಕೈಗೆ ನನ್ನ ಫೋನ್ ತುರುಕಿದೆ. "ಅಣ್ಣಾ, ನೀವ ಹೇಳ್ರಿ. ನೀವ!" ಅವನು ತನ್ನ ಫೋನನ್ನು ಜೇಬಿಗೆ ಹಾಕಿಕೊಂಡು, "ಲಾರಿ ತೂಗೋ ಹಳೇ ವೇಬ್ರಿಡ್ಜ್ ಎದುರುಗಡೆ, ತುಮಕೂರ್ ಕಡೆ ಸರ್ವಿಸ್ ರೋಡು" ಎಂದು ಎಷ್ಟು ಚೆನ್ನಾಗಿ ಹೇಳಿದನೆಂದರೆ, ಇಷ್ಟು ಹೊತ್ತು ಇದೇ ಮನುಷ್ಯನೇ ಸುಮ್ಮನೆ ನಿಂತಿದ್ದದ್ದು ಎಂದು ನಂಬಲಾಗಲಿಲ್ಲ.

ಆಮೇಲೆ ನಾನು ಒಬ್ಬೊಬ್ಬರನ್ನೂ ಬೆರಳು ಮಾಡಿ ಕರೆದೆ. ನೀಲಿ ಅಂಗಿಯವರೇ, ರಕ್ತ ತಡೀರಿ. ಹೆಲ್ಮೆಟ್ ಹಾಕಿದವರೇ, ಆಕಿಗೆ ನೆರಳಾಗಿ ನಿಲ್ರಿ. ಕರೆದವರೆಲ್ಲರೂ ಬಂದರು. ಒಬ್ಬರೂ ಹಿಂದೆ ಸರಿಯಲಿಲ್ಲ. ನೀಲಿ ಅಂಗಿಯವನು ಅವಳ ದುಪಟ್ಟಾವನ್ನು ತೊಡೆಗೆ ಬಿಗಿದು ಕಟ್ಟುವಾಗ ಅಳುತ್ತಿದ್ದ. ಅವನ ಅಳು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಕರುಳಿದ್ದವನು ಇಷ್ಟು ಹೊತ್ತು ಯಾರ ದಾರಿ ಕಾಯುತ್ತಿದ್ದ? ನನ್ನ ದಾರಿಯನ್ನೋ? ನಾನು ಮನೆಯಲ್ಲಿ ಅವನ ದಾರಿ ಕಾಯುತ್ತಿದ್ದೆನಲ್ಲ!

ಆಂಬುಲೆನ್ಸ್ ಬೇಗ ಬಂತು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಮಾತು: "ಇಷ್ಟೊಂದು ರಕ್ತ ಹೋಗೋವರೆಗೆ ಏನ್ ಮಾಡ್ತಿದ್ರಿ?" ಅನ್ವರ್ ಇನ್ನೂ ದೇವನಹಳ್ಳಿಯಿಂದ ಹೊರಟಿದ್ದನಷ್ಟೇ. ಉತ್ತರ ಹೇಳಬೇಕಾದವಳು ನಾನು.

ಶಮೀಮ್ ಉಳಿದಳು. ಕಾಲಿಗೆ ರಾಡು ಹಾಕಿದರು. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವ ಬಲ ಆ ಕಾಲಿಗೆ ಮತ್ತೆ ಬರಲಿಲ್ಲ. ಕೆಲಸ ಹೋಯಿತು.

ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಚಹಾ ಕುಡಿದದ್ದೊಂದನ್ನು ಬಿಟ್ಟು. "ನಮ್ಮೂರಾಗ ಹಿಂಗ ಆಗೂದಿಲ್ಲ. ಸಾಕು, ಬಂದಬಿಡವ್ವ" ಎಂದಳು. ಹೌದೆನ್ನಲು ಬಾಯಿಯವರೆಗೆ ಬಂದಿತ್ತು. ಆದರೆ ಶಮೀಮ್ ಬಿದ್ದ ದಿನ ಮಧ್ಯಾಹ್ನದೊಳಗೇ, ನಾನು ಅಲ್ಲಿಗೆ ಹೋದ ಮೇಲೆ ಯಾರೋ ತೆಗೆದ ವೀಡಿಯೊ ನಮ್ಮೂರಿನ ಗ್ರೂಪಿಗೂ ಹೋಗಿತ್ತು. "ಬೆಂಗಳೂರಾಗ ಹೆಂಗ ಆಗೇತಿ ನೋಡ್ರಿ" ಎಂದು ಯಾರೋ ಹಾಕಿದ್ದರು. ನನ್ನ ತಮ್ಮನೂ ಕೆಳಗೆ ಜೋಡಿಸಿದ ಕೈಗಳನ್ನು ಹಾಕಿದ್ದ. ಅದರಲ್ಲಿ ಬೆನ್ನು ಮಾಡಿ ಮಂಡಿಯೂರಿ ಕುಳಿತವಳು ಅವನ ಅಕ್ಕನೆಂದು ಅವನಿಗೆ ತಿಳಿಯಲಿಲ್ಲ. ಇದನ್ನು ಅವ್ವನಿಗೆ ಹೇಳಲಿಲ್ಲ.

ಆದರೂ ಊರಿನ ಸೆಳೆತ ಬಿಡಲಿಲ್ಲ. ಎರಡು ತಿಂಗಳ ಮೇಲೆ ಗಂಡನೂ ಒಪ್ಪಿದರು. ಮನೆ ಖಾಲಿ ಮಾಡುವ ವಿಷಯ ಶಮೀಮ್‌ಗೆ ಮೊದಲು ತಿಳಿಸೋಣವೆಂದು ಒಂದು ಸಂಜೆ ಅವಳಲ್ಲಿಗೆ ಹೋದೆ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ಮಾತು ತೆಗೆಯುವ ಮೊದಲೇ ಅವಳು ಶುರು ಮಾಡಿದಳು.

"ಅವತ್ತು ನಂಗೆ ಎಚ್ಚರ ಇತ್ತು ಅಕ್ಕ. ಕಣ್ ಬಿಡೋಕಾಗ್ತಿರ್ಲಿಲ್ಲ ಅಷ್ಟೇ. ಚೀಲದೊಳಗೆ ನನ್ ಫೋನು ಟಿಂಗ್ ಟಿಂಗ್ ಅಂತಾನೇ ಇತ್ತು. ಯಾರೋ ನನ್ನೇ ಹುಡುಕ್ತಾವ್ರೆ ಅನ್ಕೊಂಡೆ. ಆಮೇಲ್ ತೆಗ್ದು ನೋಡಿದ್ರೆ, ಎಲ್ಲಾ ಗ್ರೂಪಿನ ಮೆಸೇಜು. ನನ್ ವಿಷಯಾನೇ."

"ಅದರಾಗ ಒಂದು ನಂದು," ಎಂದೆ.

"ಗೊತ್ತು," ಎಂದಳು. "ಎಂಟು ಹದಿನಾಲ್ಕಕ್ಕೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡು, ಚಾಪೆಯ ಮೇಲೆ ನನಗೆ ಜಾಗ ಮಾಡಿದಳು. ನಾನು ಕುಳಿತೆ. ಊರಿಗೆ ಹೋಗುವ ಮಾತು ಎತ್ತಲಾಗಲಿಲ್ಲ.