ಎರಡು ಬೇಸಿನ್ನು, ಒಂದು ಗಾಳಿ ಪೈಪು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ನಾನು ಮತ್ತು ನನ್ನ ಅತ್ತೆ ಒಂದು ಖಾನಾವಳಿ ನಡೆಸುತ್ತಿದ್ದೆವು. ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರು ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದರು. ಬೆಳಿಗ್ಗೆ ರೈಲಿಗೆ ಹೋದರೆ ಬರುವುದು ಸಂಜೆಗೇ. ಹೀಗಾಗಿ ಖಾನಾವಳಿಯ ಒಳ್ಳೆಯದು ಕೆಟ್ಟದ್ದು ಎಲ್ಲ ನಮ್ಮಿಬ್ಬರ ತಲೆಗೇ. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಪಲ್ಯ, ಸಾರು ನೋಡಿಕೊಂಡು ಬಡಿಸುತ್ತಿದ್ದೆ. ಕಟ್ಟಡ ಒಬ್ಬ ದಲಾಲಿ ಸಾಹುಕಾರರದು. ಮೇಲೆ ಅವರ ಕಚೇರಿ, ಕೆಳಗೆ ನಾವು. ಮಧ್ಯಾಹ್ನ ಅವರೂ ನಮ್ಮಲ್ಲೇ ಊಟಕ್ಕೆ ಇಳಿದು ಬರುತ್ತಿದ್ದರು.

ಊಟದ ಕೋಣೆಯ ಹಿಂದೆ ಹಳೆಯ ಬಚ್ಚಲುಮನೆಯೊಂದಿತ್ತು. ಅದನ್ನೇ ಕೈ ತೊಳೆಯುವ ಜಾಗ ಮಾಡಿ ಒಂದು ಬೇಸಿನ್ ಕೂಡಿಸಿದ್ದೆವು. ವ್ಯಾಪಾರಿಗಳು, ಗುಮಾಸ್ತರು, ಸುತ್ತಲಿನ ಹಳ್ಳಿಗಳಿಂದ ಮಾಲು ತಂದ ರೈತರು ಬಂದು ಉಂಡು ಹೋಗುತ್ತಿದ್ದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮಾತ್ರ ಒಳಗೆ ಬರುತ್ತಿರಲಿಲ್ಲ. ಅವರು ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಗೋದಾಮಿನ ನೆರಳಲ್ಲಿ ಕೂತು ತಿನ್ನುತ್ತಿದ್ದರು. ಆ ವರ್ಷ ಮಾಲು ವಿಪರೀತ ಬಂತು. ನಸುಕಿನಲ್ಲೇ ಕೆಲಸ ಶುರು, ಮನೆಯಲ್ಲಿ ರೊಟ್ಟಿ ಬಡಿಯಲು ಅವರಿಗೆ ಪುರಸೊತ್ತು ಸಿಗಲಿಲ್ಲ. ಅವರಲ್ಲಿ ಹಿರಿಯಳಾದ ಹೆಂಗಸೊಬ್ಬಳು ಒಂದು ದಿನ ಹೊಸ್ತಿಲ ಹೊರಗೆ ನಿಂತು, ಊಟ ಸಿಗುತ್ತದೆಯೇ ಎಂದು ಕೇಳಿದಳು. ಖಾನಾವಳಿಗೆ ಬಂದು ಊಟ ಸಿಗುತ್ತದೆಯೇ ಎಂದು ಕೇಳುವುದೇನು, ಒಳಗೆ ಬಂದು ಕೂಡ್ರಿ ಎಂದೆ. ಮರುದಿನದಿಂದ ಅವರ ಗುಂಪೇ ಬರತೊಡಗಿತು.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ದಿನವಿಡೀ ತೊಟ್ಟು ಬಿಡಿಸಿದವರ ಬೆರಳು ಉಗುರಿನ ಸಂದಿಯವರೆಗೆ ಕೆಂಪಾಗಿರುತ್ತವೆ, ಉರಿಯುತ್ತಲೂ ಇರುತ್ತವೆ. ಹಾಗೇ ರೊಟ್ಟಿ ಮುರಿದರೆ ಬಾಯಿ, ಆಮೇಲೆ ಮರೆತು ಮುಟ್ಟಿದರೆ ಕಣ್ಣು ಉರಿಯುತ್ತದೆ. ಅದಕ್ಕೆ ಅವರು ಸಾವಕಾಶ ಸೋಪು ಹಚ್ಚಿ ತೊಳೆಯುತ್ತಿದ್ದರು. ಅವರ ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು.

ಸಾಹುಕಾರರು ಒಂದು ಮಧ್ಯಾಹ್ನ ಊಟ ಮುಗಿಸಿ ನನ್ನನ್ನು ಕರೆದರು.

"ಬಾಯಾರ, ಆ ಹೆಣ್ಣುಮಕ್ಕಳಿಗೆ ಹಿತ್ತಲದಾಗ ಒಂದು ನಳ ಹಾಕಿಕೊಡ್ರಿ. ಮಂದಿ ಮಾತಾಡಾಕತ್ತಾರ."

"ಏನಂತ್ರಿ?"

"ಅವರ ಕೈಯಾಗಿನ ಮೆಣಸಿನಕಾಯಿ ಬೇಸಿನ್ನಿಗೆ ಹತ್ತತೈತಿ ಅಂತ."

"ಮೆಣಸಿನಕಾಯಿ ನಿಮ್ಮ ಕೈಯಾಗೂ ಐತಲ್ರಿ, ಸಾವ್ಕಾರ್ರ."

ಅವರು ತಮ್ಮ ಅಂಗೈ ನೋಡಿಕೊಂಡರು. ಬೆಳಗಿನಿಂದ ಚೀಲ ಚೀಲದ ಕಾಯಿ ಮುರಿದು ನೋಡಿದ ಕೈ ಅದು. ಮೆಣಸಿನಕಾಯಿಯ ಮಾತಲ್ಲ ಇದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಹೆಣ್ಣುಮಕ್ಕಳು ಯಾವ ಓಣಿಯವರು ಎಂಬುದು ಮಾತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ.

ಸಾಲು ಬೆಳೆಯುವುದೇ ತಕರಾರಾದರೆ ಇನ್ನೊಂದು ಬೇಸಿನ್ ಹಾಕಿಸೋಣ ಎಂದುಕೊಂಡೆ. ಹಿತ್ತಲಲ್ಲಿ ಅಲ್ಲ, ಅಲ್ಲೇ, ಮೊದಲಿನದರ ಪಕ್ಕಕ್ಕೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಇದು ಇವರಿಗೆ, ಅದು ಅವರಿಗೆ ಎಂದು ಬರೆಯಲಿಲ್ಲ, ಹೇಳಲೂ ಇಲ್ಲ. ಖಾಲಿ ಇದ್ದಲ್ಲಿ ತೊಳೆಯಬೇಕು, ಅಷ್ಟೇ.

ನಳದ ಮಿಸ್ತ್ರಿ ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದ. ಎರಡೂ ಬೇಸಿನ್ನುಗಳ ಕೆಳಗೆ ಒಂದೇ ಅಡ್ಡ ಪೈಪು, ಅದರ ಕೊನೆಗೆ ತುಸು ನೀರು ಹಿಡಿದಿಡುವ ಒಂದೇ ಡೊಂಕು ಪೈಪು, ಅಲ್ಲಿಂದ ಗಟಾರಕ್ಕೆ. ನೋಡಲು ಅಚ್ಚುಕಟ್ಟಾಗಿತ್ತು. ಮರುದಿನ ಊಟದ ಹೊತ್ತಿಗೆ ಅದರ ಬಣ್ಣ ಬಯಲಾಯಿತು. ಒಂದು ಬೇಸಿನ್ನಿನ ನೀರು ಬಿಟ್ಟರೆ ಇನ್ನೊಂದು ಗುಳಗುಳ ಅನ್ನುತ್ತಿತ್ತು, ಆಮೇಲೆ ಅದರ ತಳದಿಂದ ನೀರು ಮೇಲೆ ಬರುತ್ತಿತ್ತು. ಅದೂ ಎಂಥ ನೀರು, ಕೆಂಪು ನೀರು. ಒಬ್ಬ ವ್ಯಾಪಾರಿ ಬಾಯಿ ಮುಕ್ಕಳಿಸಲು ಬಗ್ಗಿದವರು ಹಾಗೇ ಹಿಂದೆ ಸರಿದು, ಕೈ ತೊಳೆಯದೆ ಹೊರಟುಹೋದರು. ಸಂಜೆಯ ಹೊತ್ತಿಗೆ ಬಚ್ಚಲುಮನೆಯಲ್ಲಿ ಗಟಾರದ ನಾತ.

ಮಿಸ್ತ್ರಿಯನ್ನು ಮತ್ತೆ ಕರೆಸಿದೆ. ಬಿಚ್ಚಿ ನೋಡಿ, ಎಲ್ಲೂ ಏನೂ ಸಿಕ್ಕಿಕೊಂಡಿಲ್ಲ, ಪೈಪಿನ ತಪ್ಪಲ್ಲ, ಜೋಡಿ ಬೇಸಿನ್ ಅಂದರೆ ಹೀಗೇ, ಒಂದನ್ನು ತೆಗೆಸಿಬಿಡಿ ಎಂದ. ಸಾಹುಕಾರರೂ ಅದನ್ನೇ ಹೇಳಿದರು. ಮನೆಯವರು ಕೂಡ, ಮಾಲೀಕರ ಜೋಡಿ ಯಾಕೆ ಹಗೆ, ಹಿತ್ತಲಲ್ಲಿ ನಳ ಹಾಕಿದರೆ ಮುಗಿಯಿತಲ್ಲ ಎಂದರು. ಆ ದಿನ ನನಗೆ ಬಂದ ಸಿಟ್ಟು ಇಷ್ಟು ವರ್ಷವಾದರೂ ನೆನಪಿದೆ. ಕೆಂಪು ನೀರಿನ ನೆಪ ಸಿಕ್ಕ ಕೂಡಲೇ ಎಲ್ಲರೂ ಒಂದೇ ಬಾಯಾಗಿದ್ದರು. ಒಂದು ಪೈಪು ತಪ್ಪು ಕೂತಿದ್ದಕ್ಕೆ ಮನುಷ್ಯರನ್ನು ಹೊರಗೆ ಕಳಿಸಲು ನಾನು ತಯಾರಿರಲಿಲ್ಲ.

ಅದೇ ವಾರ ಅತ್ತೆಯ ಕಣ್ಣು ತೋರಿಸಲು ಹಾವೇರಿಗೆ ಹೋಗಿದ್ದೆವು. ದವಾಖಾನೆಯಲ್ಲಿ ಸರದಿ ಬರುವ ತನಕ ಹಿಂದಿನ ಬೇವಿನ ಗಿಡದ ಕೆಳಗೆ ಕೂತಿದ್ದೆ. ಎದುರಿನ ಗೋಡೆಯ ಮೇಲೆ ಪೈಪುಗಳು. ನೀರು ಕೆಳಗೆ ತರುವ ಪೈಪುಗಳೆಲ್ಲ ಮಾಳಿಗೆ ದಾಟಿ ಆಕಾಶಕ್ಕೆ ಹೋಗಿದ್ದವು. ತುದಿ ತೆರೆದಿತ್ತು, ಜಾಲರಿಯ ಟೊಪ್ಪಿಗೆ ಬೇರೆ ಇತ್ತು. ನೀರು ಇಳಿಯುವುದು ಕೆಳಗೆ, ಮೇಲೆ ಏನು ಕೆಲಸ ಎಂದು ಯೋಚಿಸುತ್ತ ಕೂತೆ. ಹಾಗೇ ಕೂತಿದ್ದಾಗ ಎಣ್ಣೆ ಡಬ್ಬಿ ನೆನಪಾಯಿತು. ಡಬ್ಬಿಗೆ ಒಂದೇ ತೂತು ಹಾಕಿ ಬಗ್ಗಿಸಿದರೆ ಎಣ್ಣೆ ಗುಳಕ್ ಗುಳಕ್ ಎಂದು ಉಗುಳುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹಾಕಿದರೆ ಗಾಳಿ ಒಳಹೋಗಿ ಎಣ್ಣೆ ನೂಲಿನಂತೆ ಇಳಿಯುತ್ತದೆ. ನಮ್ಮ ಬೇಸಿನ್ನಿಗೂ ಬೇಕಾದದ್ದು ಅದೇ, ಗಾಳಿಯ ತೂತು.

ಊರಿಗೆ ಬಂದವಳೇ ಮಿಸ್ತ್ರಿಯನ್ನು ಕರೆಸಿ ಡಬ್ಬಿ ಬಗ್ಗಿಸಿ ತೋರಿಸಿದೆ. ನೀರಿಗೆ ಗಾಳಿ ಯಾಕೆ ಬೇಕು ಎಂದು ಅವನು ನಕ್ಕ. ಅವನ ಹಟ ಅವನಿಗೆ, ನನ್ನದು ನನಗೆ. ನಾನು ಹೇಳಿದಂತೆ ಹಾಕು, ಕೆಟ್ಟರೆ ಹೆಸರು ನನ್ನದು ಎಂದೆ. ಅಡ್ಡ ಪೈಪು ಕಿತ್ತಿಸಿದೆ. ಪ್ರತಿ ಬೇಸಿನ್ನಿಗೂ ಅದರದೇ ಡೊಂಕು ಹಾಕಿಸಿದೆ. ಡೊಂಕಿನಲ್ಲಿ ನಿಲ್ಲುವ ತುಸು ನೀರೇ ಗಟಾರದ ನಾತಕ್ಕೆ ಬಾಗಿಲು. ಮೊದಲಿನ ಜೋಡಣೆಯಲ್ಲಿ ಇಳಿಯುವ ನೀರು ರಭಸಕ್ಕೆ ಅದನ್ನೂ ಎಳೆದುಕೊಂಡು ಹೋಗುತ್ತಿತ್ತು, ಬಾಗಿಲು ತೆರೆದೇ ಉಳಿಯುತ್ತಿತ್ತು. ಎರಡರ ನಡುವೆ ಒಂದು ನೆಟ್ಟನೆಯ ಪೈಪು ನಿಲ್ಲಿಸಿ, ಎರಡು ಕಡೆಯ ನೀರೂ ಸಣ್ಣ ಇಳಿಜಾರಿನಲ್ಲಿ ಬಂದು, ಎದುರಿನದಕ್ಕೆ ನುಗ್ಗದೆ ಕೆಳಮುಖವಾಗಿ ಸೇರುವಂತೆ ಕವಲು ಜೋಡಿಸಿದೆವು. ಆ ಪೈಪಿನ ಕೆಳತುದಿ ಗಟಾರಕ್ಕೆ. ಮೇಲ್ತುದಿ ಗೋಡೆಯಿಂದ ಹೊರಬಂದು ಮಾಳಿಗೆ ದಾಟಬೇಕು.

ಅಲ್ಲಿ ಸಾಹುಕಾರರು ಅಡ್ಡ ಬಂದರು. ಪೈಪು ಅವರ ಕಚೇರಿಯ ಕಿಟಕಿಯ ಪಕ್ಕದಲ್ಲಿ ಹಾಯುತ್ತಿತ್ತು.

"ಅವರು ಕೈ ತೊಳದ ಗಾಳಿ ನನ್ನ ಖಿಡಕಿಗೆ ಬರಬೇಕೇನು?"

"ನಿಮ್ಮ ಖಿಡಕಿಗೆ ಬರೂದಿಲ್ರಿ. ಮಾಳಿಗಿ ಮ್ಯಾಲೆ ಹೋಗತೈತಿ. ಮತ್ತ ಅದರಾಗ ನೀವು ಕೈ ತೊಳದ ಗಾಳಿನೂ ಇರತೈತಿ."

ಅವರು ತಿರುಗಿ ಮೆಟ್ಟಿಲೇರಿ ಹೋದರು. ಪೈಪು ಮಾಳಿಗೆ ದಾಟಿ ನಿಂತಿತು. ನಾನು ಎರಡೂ ಬೇಸಿನ್ ತುಂಬಿಸಿ ಒಟ್ಟಿಗೆ ಬಿಟ್ಟು ನೋಡಿದೆ. ಸದ್ದಿಲ್ಲದೆ ಇಳಿಯಿತು. ಅತ್ತೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ಮೂಸಿ ನೋಡಿ, ನಾತ ಇಲ್ಲ ಎಂದರು.

ಕೆಲವೇ ದಿನಗಳಲ್ಲಿ ಮತ್ತೆ ಗುಳಗುಳ ಶುರುವಾಯಿತು. ಹಿತ್ತಲಿಗೆ ಹೋಗಿ ಮೇಲೆ ನೋಡಿದರೆ ಪೈಪನ್ನು ಕಿಟಕಿಯ ಕೆಳಗೇ ಕೊಯ್ದು, ಬಾಯಿಗೆ ಅರಿವೆ ತುರುಕಿದ್ದರು. ಗಾಳಿಗೆ ಮುರಿದಿರಬೇಕು ಎಂದು ಸಾಹುಕಾರರ ಗುಮಾಸ್ತ ಹೇಳಿದ. ಗಾಳಿ ಅರಿವೆ ತುರುಕುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಂದು ಊಟಕ್ಕೆ ಬಂದ ಆ ಹಿರಿಯ ಹೆಂಗಸು ಬಚ್ಚಲುಮನೆಗೆ ಹೋಗದೆ ಹಿತ್ತಲಿನ ಕಡೆ ನಡೆದಳು. ಉಳಿದವರು ಅವಳ ಹಿಂದೆ. ನಾನು ಬಡಿಸುವ ಸಟ್ಟುಗ ಹಿಡಿದುಕೊಂಡೇ ಹೋಗಿ ತಡೆದೆ.

"ನಮ್ಮ ಸಲುವಾಗಿ ನಿಮಗ್ಯಾಕ ತ್ರಾಸು, ಯವ್ವಾ," ಎಂದಳು. "ಕೈ ಎಲ್ಲಿ ತೊಳದರೂ ಕೈನ."

"ಹಂಗಿದ್ರ ಒಳಗ ತೊಳೀರಿ. ಹಿತ್ತಲದಾಗ ಕೈ ತೊಳದವರಿಗೆ ನಾ ಬಡಿಸಾಂಗಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ದೊಡ್ಡ ದನಿಯಲ್ಲಿ ಹೇಳಿಬಿಟ್ಟಿದ್ದೆ, ಒಳಗೆ ಕೂತವರಿಗೆಲ್ಲ ಕೇಳಿತ್ತು. ಅವಳು ತಿರುಗಿ ಒಳಗೆ ಬಂದಳು. ಎರಡೂ ಬೇಸಿನ್ ಗುಳಗುಟ್ಟುತ್ತಿದ್ದರೂ ಒಬ್ಬೊಬ್ಬರಾಗಿ ಅಲ್ಲೇ ತೊಳೆದುಕೊಂಡರು.

ಮಿಸ್ತ್ರಿ ಈ ಸಲ ಸಾಹುಕಾರರಿಗೆ ಹೆದರಿ ಏಣಿ ಏರಲು ಒಪ್ಪಲಿಲ್ಲ. ಹೊಸ ಪೈಪಿನ ತುಂಡು ತಂದು, ನಾನೇ ಸೀರೆಯ ಕಚ್ಚೆ ಕಟ್ಟಿ ಏರಿದೆ. ಅತ್ತೆ ಕೆಳಗೆ ಏಣಿ ಹಿಡಿದುಕೊಂಡರು. ಮಧ್ಯಾಹ್ನದ ಹೊತ್ತು, ಪೇಟೆ ತುಂಬ ಜನ. ಸಾಹುಕಾರರು ಕಿಟಕಿಗೆ ಬಂದು, ಅಂಗಡಿ ಖಾಲಿ ಮಾಡಿಸುತ್ತೇನೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೆಳಗಿನಿಂದ ಮಾತಾಡಿದರು. ಮಾಲೀಕರ ಎದುರು ತಲೆಯ ಮೇಲಿನ ಸೆರಗು ಸರಿಸದ ಹೆಂಗಸು ಅವರು.

"ಮಾಡಸ್ರಿ. ಯಾತರ ಸಲುವಾಗಿ ಖಾಲಿ ಮಾಡಸಾಕತ್ತೀರಿ ಅಂತ ಪೇಟ್ಯಾಗ ನಿಂತು ನಾ ಹೇಳತೇನಿ."

ಕಿಟಕಿ ಮುಚ್ಚಿತು. ನಾನು ಅರಿವೆ ಕಿತ್ತೆಸೆದು ತುಂಡನ್ನು ಕೂಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಇಳಿದೆ. ಎರಡೂ ಬೇಸಿನ್ ಬಿಟ್ಟು ನೋಡಿದೆ, ಗುಳಗುಳ ನಿಂತಿತ್ತು. ಸಂಜೆ ಮನೆಯವರು ಬಂದು ಎಲ್ಲ ಕೇಳಿದರು. ಆಮೇಲೆ ತಾವೇ ಹಿತ್ತಲಿಗೆ ಹೋಗಿ ಪಟ್ಟಿ ಎಳೆದು ನೋಡಿ, ಇನ್ನೊಂದು ಬಿಗಿಯಬೇಕು ಎಂದರು.

ಸಾಹುಕಾರರು ನಮ್ಮನ್ನು ಖಾಲಿ ಮಾಡಿಸಲಿಲ್ಲ. ಊಟಕ್ಕೂ ಇಳಿದು ಬರಲಿಲ್ಲ. ಅವರ ಜೊತೆ ಇನ್ನೂ ಕೆಲವರು ಸ್ಟೇಷನ್ ರಸ್ತೆಯ ಖಾನಾವಳಿ ಹಿಡಿದರು. ಅತ್ತೆಯ ರೊಟ್ಟಿಗೆ ಸೋತು ತಿಂಗಳೊಳಗೆ ತಿರುಗಿ ಬಂದವರೂ ಇದ್ದರು. ಅವರು ಮೊದಮೊದಲು ಒಂದೇ ಬೇಸಿನ್ನಿಗೆ ಕಾಯುತ್ತ ನಿಲ್ಲುತ್ತಿದ್ದರು, ಪಕ್ಕದ್ದು ಖಾಲಿ ಇದ್ದರೂ. ಕಾಯಲಿ ಎಂದು ಬಿಟ್ಟೆ. ಹಸಿದವರು ಎಷ್ಟು ಹೊತ್ತು ಕಾದಾರು. ತಿರುಗಿ ಬಾರದವರನ್ನು ನಾನು ಕರೆಯಲಿಲ್ಲ, ಎದುರು ಸಿಕ್ಕಾಗ ಕಾರಣ ಕೇಳಲಿಲ್ಲ. ತೊಂಬತ್ತರ ದಶಕದಲ್ಲಿ ಆ ಜಾಗ ಬಿಟ್ಟು ರಾಣೆಬೆನ್ನೂರಿಗೆ ಹೋಗುವ ತನಕ ಆ ಪೈಪು ಸಾಹುಕಾರರ ಕಿಟಕಿಯ ಪಕ್ಕದಲ್ಲಿ ಹಾಗೇ ನಿಂತಿತ್ತು.